ಫೋನಿನ ಬ್ಯಾಟರಿ ಬಗ್ಗೆ ಕಲಿತ ಕೆಲವು ಪಾಠಗಳು: ಪಿಂಪ್ರಿ-ಚಿಂಚವಾಡದ ಶಿಫ್ಟುಗಳಿಂದ

ಭೋಸರಿ, ಚಾಕಣದ ಕಾರ್ಖಾನೆಗಳಲ್ಲಿ ವಿಜಯಪುರ, ಕಲಬುರಗಿ, ಬೀದರ ಕಡೆಯ ಹುಡುಗರು ಬಹಳ. ನಮಗೆ ಫೋನು ಬರೀ ಸಿನಿಮಾ ನೋಡುವ ಸಾಮಾನಲ್ಲ. ಊರಿಗೆ ಹಣ ಕಳಿಸುವುದು, ಮೆಟ್ರೊ ಟಿಕೆಟ್, ರಾತ್ರಿ ಅವ್ವನ ಮುಖ ನೋಡುವುದು ಎಲ್ಲವೂ ಅದರಲ್ಲೇ. ನಾಲ್ಕು ಮಂದಿ ಇರುವ ಖೋಲಿಯಲ್ಲಿ ಪ್ಲಗ್ ಇರುವುದು ಒಂದೋ ಎರಡೋ. ಅದಕ್ಕೇ ಬ್ಯಾಟರಿ ಉಳಿಸುವ ವಿಷಯವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ನನ್ನ ಕಸುಬು ಪ್ರೆಸ್ ಶಾಪಿನದು, ಮೊಬೈಲ್ ರಿಪೇರಿಯದಲ್ಲ. ಎಡವುತ್ತ, ಓದುತ್ತ, ತಿಳಿದವರನ್ನು ಕೇಳುತ್ತ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

1. ಆ್ಯಪ್ ಅಳಿಸುವ ಮೊದಲು ಲೆಕ್ಕ ನೋಡಿ

ಚಾರ್ಜ್ ನಿಲ್ಲದಾದಾಗ ನಾನು ಮೊದಲು ಮಾಡಿದ್ದು ಸಿನಿಮಾ ಆ್ಯಪ್‌ಗಳನ್ನು ಒಂದೊಂದಾಗಿ ತೆಗೆದುಹಾಕಿದ್ದು. ಏನೂ ಬದಲಾಗಲಿಲ್ಲ. ಸೆಟ್ಟಿಂಗ್ಸ್‌ನೊಳಗೆ ಬ್ಯಾಟರಿ ಬಳಕೆಯ ಪುಟವಿದೆ, ಅದನ್ನು ತೆರೆದೇ ಇರಲಿಲ್ಲ. 5000 ಎಂಎಎಚ್ ಬ್ಯಾಟರಿಯೆಂದರೆ ಸುಮಾರು 19 ವ್ಯಾಟ್-ಅವರ್ ಶಕ್ತಿ. ವಿಡಿಯೊ ನೋಡುವಾಗ ಅದನ್ನು ಮುಖ್ಯವಾಗಿ ಮೂವರು ಹಂಚಿಕೊಳ್ಳುತ್ತಾರೆ: ಪರದೆ, ಟವರ್ ಜೊತೆ ಮಾತಾಡುವ ರೇಡಿಯೊ, ಬಂದ ವಿಡಿಯೊವನ್ನು ಬಿಡಿಸಿ ತೋರಿಸುವ ಚಿಪ್. ಆ್ಯಪ್ ಹೆಸರು ಯಾವುದಾದರೂ ಇರಲಿ, ಖರ್ಚು ಈ ಮೂರರಲ್ಲೇ. ಯಾವುದು ಹೆಚ್ಚು ಎಂಬುದು ನೀವು ಎಲ್ಲಿ ಕೂತು ನೋಡುತ್ತೀರಿ ಎನ್ನುವುದರ ಮೇಲೆ ನಿಂತಿದೆ. ನನಗೆ ಇದು ಅರ್ಥವಾದದ್ದು ಬಹಳ ತಡವಾಗಿ.

2. ಲಾಕರ್‌ನಲ್ಲಿಟ್ಟ ಫೋನೂ ಖಾಲಿಯಾಗುತ್ತದೆ

ನಮ್ಮಲ್ಲಿ ಶಿಫ್ಟ್ ಶುರುವಾಗುವ ಮುಂಚೆ ಫೋನನ್ನು ಲಾಕರ್‌ಗೆ ಹಾಕಬೇಕು. ಖೋಲಿಯ ಹುಡುಗನೊಬ್ಬ ಒಂದು ದಿನ ಕೇಳಿದ: "ಅಣ್ಣಾ, ಎಂಟು ತಾಸು ಮುಟ್ಟೇ ಇಲ್ಲ, ಫೋನ್ ಹೆಂಗ ಖಾಲಿ ಆತು?" ನನಗೂ ಅದೇ ಆಗುತ್ತಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ನೋಡಿದ ವಿಡಿಯೊದ ಮೇಲೆ ತಪ್ಪು ಹೊರಿಸಿ ಸುಮ್ಮನಿದ್ದೆ.

ಕಾರಣ ಲಾಕರ್. ಅದು ತಗಡಿನ ಪೆಟ್ಟಿಗೆ, ಸುತ್ತ ತಗಡಿನ ಶೆಡ್. ಸಿಗ್ನಲ್ ಸರಿಯಾಗಿ ಒಳಗೆ ಬರುವುದಿಲ್ಲ. ಟವರ್ ಸಿಗದಿದ್ದರೆ ಫೋನು ಹುಡುಕುತ್ತಲೇ ಇರುತ್ತದೆ. ಕ್ಷೀಣವಾಗಿ ಸಿಕ್ಕರೆ, ತನ್ನ ಮಾತು ಅಲ್ಲಿಗೆ ಮುಟ್ಟಲೆಂದು ಹೆಚ್ಚು ಶಕ್ತಿ ಹಾಕಿ ಕಳಿಸುತ್ತದೆ. ಇದರ ಮೇಲೆ ಸಿನಿಮಾ ಆ್ಯಪ್‌ನಲ್ಲಿ ಮುಂದಿನ ಕಂತು ತಾನೇ ಇಳಿಸಿಕೊಳ್ಳುವ ಸೌಲಭ್ಯ ಚಾಲೂ ಇತ್ತು. ಡೌನ್‌ಲೋಡ್ ಅರ್ಧಕ್ಕೆ ನಿಲ್ಲುವುದು, ಮತ್ತೆ ಶುರುವಾಗುವುದು, ಇದೇ ನಡೆದಿತ್ತು. ಆ ಸೌಲಭ್ಯವನ್ನು ವೈಫೈಗೆ ಮಾತ್ರ ಸೀಮಿತ ಮಾಡಿದೆ. ಲಾಕರ್‌ಗೆ ಹಾಕುವಾಗ ಏರೋಪ್ಲೇನ್ ಮೋಡ್ ಒತ್ತುವುದು ರೂಢಿಯಾಯಿತು. ಒಂದು ಎಚ್ಚರಿಕೆ: ಮನೆಯವರಿಗೆ ಆಗ ನಿಮ್ಮ ಫೋನ್ ಹತ್ತುವುದಿಲ್ಲ. ಕಂಪನಿ ಗೇಟಿನ ನಂಬರನ್ನು ಊರಿನಲ್ಲಿ ಕೊಟ್ಟಿಡಿ. ವಯಸ್ಸಾದ ತಂದೆ-ತಾಯಿ ಇರುವವರಂತೂ ಇದನ್ನು ಮರೆಯಬಾರದು.

3. ದಾರಿಯಲ್ಲಿ ನೋಡುವುದನ್ನು ಖೋಲಿಯ ವೈಫೈನಲ್ಲಿ ಇಳಿಸಿಕೊಳ್ಳಿ

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದು. ನಿಗಡಿಯಿಂದ ಚಾಕಣದವರೆಗೆ ಕಂಪನಿ ಬಸ್ಸಿನಲ್ಲಿ ಹೋಗುವಾಗ ಫೋನು ಒಂದು ಟವರ್ ಬಿಟ್ಟು ಇನ್ನೊಂದನ್ನು ಹಿಡಿಯುತ್ತಿರಬೇಕು. ಸ್ಟ್ರೀಮಿಂಗ್ ಆ್ಯಪ್ ವಿಡಿಯೊವನ್ನು ತುಂಡುತುಂಡಾಗಿ ತರಿಸಿಕೊಳ್ಳುತ್ತದೆ. ಒಂದು ತುಂಡು ಬಂದ ಮೇಲೆ ರೇಡಿಯೊ ಕೂಡಲೇ ಮಲಗುವುದಿಲ್ಲ, ಇನ್ನೂ ಏನಾದರೂ ಬಂದೀತೆಂದು ಕೆಲವು ಸೆಕೆಂಡು ಎಚ್ಚರವಾಗಿರುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ಆರಿಸದೆ ನಿಂತ ರಿಕ್ಷಾದ ಹಾಗೆ. ಅಷ್ಟರಲ್ಲಿ ಮುಂದಿನ ತುಂಡು ಬರುತ್ತದೆ. ಹೀಗಾಗಿ ಅದಕ್ಕೆ ನಿದ್ದೆಯೇ ಇಲ್ಲ.

5ಜಿ ಬಂದ ಮೇಲೆ ಇನ್ನೊಂದು ಮಾತು ಸೇರಿತು. ಭಾರತದಲ್ಲಿ ಅದು ಶುರುವಾದದ್ದು 2022ರ ಅಕ್ಟೋಬರ್‌ನಲ್ಲಿ. ಕೆಲವು ಜಾಲಗಳಲ್ಲಿ 5ಜಿ ನಡೆಯುವುದು 4ಜಿಯ ಆಸರೆಯಲ್ಲೇ, ಫೋನು ಎರಡನ್ನೂ ಹಿಡಿದುಕೊಂಡಿರಬೇಕು. ಬಸ್ಸಿನಲ್ಲಿ 5ಜಿ ಬಂದು ಬಂದು ಹೋಗುತ್ತಿದ್ದರೆ 4ಜಿಗೆ ಬದಲಿಸಿಕೊಳ್ಳುತ್ತೇನೆ. ಸಿನಿಮಾ ನೋಡಲು ಅಷ್ಟು ವೇಗ ಧಾರಾಳ ಸಾಕು.

ಊರಿಗೆ ಹೋಗುವ ರಾತ್ರಿ ರೈಲಿನಲ್ಲಂತೂ ಡೌನ್‌ಲೋಡ್ ಇಲ್ಲದೆ ನಾನು ಹತ್ತುವುದಿಲ್ಲ. ದೌಂಡ್ ದಾಟಿ ಸೊಲ್ಲಾಪುರದ ಕಡೆ ಹೊರಟರೆ ನಡುನಡುವೆ ಸಿಗ್ನಲ್ ಬಿಟ್ಟುಹೋಗುತ್ತದೆ. ಬೋಗಿಯ ಚಾರ್ಜಿಂಗ್ ಪಾಯಿಂಟ್‌ಗಳನ್ನು ರಾತ್ರಿ 11ರಿಂದ ಬೆಳಗಿನ 5ರವರೆಗೆ ಬಂದ್ ಇಡುವುದೆಂದು ಬೆಂಕಿ ಅನಾಹುತಗಳ ಭಯದಿಂದ 2021ರಲ್ಲಿ ರೈಲ್ವೆ ತೀರ್ಮಾನಿಸಿದೆ. ಇದು ತಿಳಿಯದೆ ರಾತ್ರಿಯಿಡೀ ಪ್ಲಗ್ಗಿಗೆ ಸಿಕ್ಕಿಸಿ ಮಲಗಿ, ಹೋಟಗಿಯಲ್ಲಿ ಖಾಲಿ ಫೋನ್ ಹಿಡಿದು ಎದ್ದಿದ್ದೇನೆ. ವಿಜಯಪುರದ ಸ್ಟೇಷನ್ನಿಗೆ ಕರೆಯಲು ಬಂದಿದ್ದ ಅಪ್ಪ ಯಾವ ಕಡೆ ನಿಂತಿದ್ದಾರೆಂದು ಕೇಳಲೂ ಆಗಲಿಲ್ಲ.

4. ಆರಿಂಚಿನ ಪರದೆಗೆ 480 ಸಾಕು

1080 ಗುಣಮಟ್ಟದ ಒಂದು ಚಿತ್ರದಲ್ಲಿ ಸುಮಾರು 20 ಲಕ್ಷ ಚುಕ್ಕಿಗಳು, 480ರಲ್ಲಿ ಸುಮಾರು 4 ಲಕ್ಷ. ತರಿಸುವ ಕೆಲಸವೂ ಬಿಡಿಸುವ ಕೆಲಸವೂ ಅಷ್ಟರ ಮಟ್ಟಿಗೆ ತಗ್ಗುತ್ತದೆ. ಕುಲುಕುವ ಬಸ್ಸಿನಲ್ಲಿ ನನ್ನ ಕಣ್ಣಿಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ.

ಹಳೆಯ ಫೋನ್ ಇದ್ದವರು ಇನ್ನೊಂದನ್ನು ಗಮನಿಸಬೇಕು. ವಿಡಿಯೊವನ್ನು ಅಡಕ ಮಾಡುವ ಪದ್ಧತಿಗಳು ಬದಲಾಗುತ್ತ ಬಂದಿವೆ. 2003ರ ಎಚ್.264 ಅನ್ನು ಬಿಡಿಸಲು ಹೆಚ್ಚುಕಡಿಮೆ ಎಲ್ಲ ಸ್ಮಾರ್ಟ್‌ಫೋನ್ ಚಿಪ್ಪುಗಳಲ್ಲೂ ಪ್ರತ್ಯೇಕ ಭಾಗವಿದೆ. 2018ರಲ್ಲಿ ಬಂದ ಎವಿ1ಗೆ ಹಳೆಯ ಚಿಪ್ಪುಗಳಲ್ಲಿ ಆ ಭಾಗ ಇಲ್ಲ. ಆಗ ಮುಖ್ಯ ಪ್ರೊಸೆಸರ್ ಆ ಭಾರ ಹೊರಬೇಕು, ಫೋನ್ ಬೆಚ್ಚಗಾಗುತ್ತದೆ. ಎವಿ1 ಡೇಟಾ ಉಳಿಸುತ್ತದೆ ನಿಜ. ಆದರೆ ಅಂಥ ಫೋನಿನಲ್ಲಿ ಬ್ಯಾಟರಿ ಉಳಿಸುವುದಿಲ್ಲ. ಗುಣಮಟ್ಟ ಇಳಿಸಿದರೆ ಈ ಭಾರವೂ ಹಗುರಾಗುತ್ತದೆ.

ಕ್ರಿಕೆಟ್ ಮ್ಯಾಚನ್ನು ಡೌನ್‌ಲೋಡ್ ಮಾಡಿ ನೋಡಲಾಗದು. ಖೋಲಿಯಲ್ಲಿ ಸ್ಮಾರ್ಟ್ ಟಿವಿ ಇದ್ದರೆ ಕಾಸ್ಟ್ ಮಾಡಿ. ಆಗ ಟಿವಿಯೇ ನೇರವಾಗಿ ವಿಡಿಯೊ ತರಿಸಿಕೊಳ್ಳುತ್ತದೆ, ಫೋನ್ ರಿಮೋಟ್ ಆಗಿ ಉಳಿಯುತ್ತದೆ. ಪರದೆಯನ್ನೇ ಟಿವಿಯಲ್ಲಿ ಮೂಡಿಸುವ ಮಿರರಿಂಗ್ ಬೇರೆ. ಅದರಲ್ಲಿ ದುಡಿಮೆಯೆಲ್ಲ ಫೋನಿನದೇ. ನಾನು ಒಂದು ಇಡೀ ಐಪಿಎಲ್ ಎರಡನೆಯದನ್ನೇ ಮಾಡಿದೆ.

5. ಕೇಳುವುದಕ್ಕೆ ಪರದೆ ಬೇಡ

ರಾತ್ರಿ ಪಾಳಿಯಿಂದ ಬಂದು ಶಿಶುನಾಳ ಶರೀಫರ ಪದಗಳನ್ನು ಕೇಳುತ್ತ ಮಲಗುವುದು ನನ್ನ ಅಭ್ಯಾಸ. ಅದನ್ನು ವಿಡಿಯೊ ಆ್ಯಪ್‌ನಲ್ಲೇ ಹಚ್ಚಿಡುತ್ತಿದ್ದೆ. ಹಣ ಕಟ್ಟದವರಿಗೆ ಅಲ್ಲಿ ಪರದೆ ಆರಿದರೆ ಹಾಡೂ ನಿಲ್ಲುತ್ತದೆ. ಹಾಗಾಗಿ ಒಂದೇ ಚಿತ್ರ ತೋರಿಸುತ್ತ ಪರದೆ ಗಂಟೆಗಟ್ಟಲೆ ಉರಿಯುತ್ತಿತ್ತು. ಈಗ ಹಾಡುಗಳು ಫೋನಿನಲ್ಲೇ ಇವೆ, ಪರದೆ ಆರಿರುತ್ತದೆ. ಆಕಾಶವಾಣಿಯ ಕನ್ನಡ ಕೇಂದ್ರಗಳನ್ನು ಆ್ಯಪ್‌ನಲ್ಲಿ ಕೇಳುವುದೂ ವಿಡಿಯೊಗಿಂತ ಎಷ್ಟೋ ಮೇಲು, ಟವರ್ ಜೊತೆ ಮಾತಾಡುವ ರೇಡಿಯೊ ಮಾತ್ರ ಎಚ್ಚರವಿರುತ್ತದೆ ಅಷ್ಟೆ.

ಪರದೆ ಬೇಕೇ ಬೇಕೆಂದಾಗ ಬೆಳಕು ತಗ್ಗಿಸಿ. ಓಎಲ್ಇಡಿ ಪರದೆಯಲ್ಲಿ ಕಪ್ಪು ಚುಕ್ಕಿ ಅಂದರೆ ಆರಿದ ಚುಕ್ಕಿ, ಆದ್ದರಿಂದ ಡಾರ್ಕ್ ಮೋಡ್‌ನಿಂದ ಲಾಭವಿದೆ. ಎಲ್‌ಸಿಡಿಯಲ್ಲಿ ಹಿಂದಿನ ದೀಪ ಹೇಗೂ ಉರಿಯುವುದರಿಂದ ಅಷ್ಟು ಪ್ರಯೋಜನವಿಲ್ಲ.

6. ಬ್ಯಾಟರಿ ಉಳಿಸುವ ಆ್ಯಪ್ ಬೇಡ

ಅಂಥದೊಂದನ್ನು ಹಾಕಿಕೊಂಡಿದ್ದೆ, ಅದರ ಜಾಹೀರಾತುಗಳೇ ಚಾರ್ಜ್ ತಿಂದವು. ಫೋನನ್ನು ಬಳಸದೆ ಇಟ್ಟಾಗ ಆ್ಯಪ್‌ಗಳನ್ನು ಮಲಗಿಸುವ ಡೋಜ್ ಎಂಬ ವ್ಯವಸ್ಥೆ ಆಂಡ್ರಾಯ್ಡ್‌ನಲ್ಲಿ 2015ರಿಂದಲೂ ಇದೆ. ತೆರೆದ ಆ್ಯಪ್‌ಗಳನ್ನು ಮತ್ತೆಮತ್ತೆ ಸರಿಸಿ ಮುಚ್ಚುವುದೂ ವ್ಯರ್ಥ, ಮೊದಲಿನಿಂದ ಎಬ್ಬಿಸಲು ಇನ್ನಷ್ಟು ಶಕ್ತಿ ಬೇಕು.

7. ಶಾಖದಿಂದ ದೂರವಿಡಿ, ಮುದಿಯಾದ ಬ್ಯಾಟರಿ ಬದಲಿಸಿ

ಮೇ ತಿಂಗಳ ಮಧ್ಯಾಹ್ನ, ಚಾರ್ಜ್‌ಗೆ ಹಾಕಿಕೊಂಡೇ ಸಿನಿಮಾ, ಫೋನು ದಿಂಬಿನ ಮೇಲೆ. ಎರಡು ಬೇಸಿಗೆ ಹೀಗೇ ಕಳೆದವು. ಲಿಥಿಯಂ ಅಯಾನ್ ಬ್ಯಾಟರಿಗೆ ಶಾಖ ಆಗದು. ಸುತ್ತಲಿನ ಉಷ್ಣತೆ 35 ಡಿಗ್ರಿ ಮೀರದಿರಲಿ ಎಂದು ಆ್ಯಪಲ್ ತನ್ನ ಫೋನ್‌ಗಳಿಗೆ ಹೇಳುತ್ತದೆ. ನಮ್ಮ ಪತ್ರಾ ಛಾವಣಿಯ ಖೋಲಿಗಳು ಬೇಸಿಗೆಯಲ್ಲಿ ಅದನ್ನು ಸುಲಭವಾಗಿ ಮೀರುತ್ತವೆ. ಈಗ ಚಾರ್ಜ್ ಆಗುವಾಗ ವಿಡಿಯೊ ನೋಡುವುದಿಲ್ಲ. 80 ಪ್ರತಿಶತಕ್ಕೆ ಚಾರ್ಜ್ ನಿಲ್ಲಿಸುವ ಸೌಲಭ್ಯ ಫೋನಿನಲ್ಲಿದ್ದರೆ ಬಳಸಿಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಬ್ಯಾಟರಿಗೆ ವಯಸ್ಸಾಗುತ್ತದೆ. ಆಮೇಲೆ ಯಾವ ಸೆಟ್ಟಿಂಗ್ ಬದಲಿಸಿಯೂ ಉಪಯೋಗವಿಲ್ಲ. ಸಾಲ ಮಾಡಿ ಹೊಸ ಫೋನ್ ಕೊಳ್ಳಲು ಹೊರಟಿದ್ದ ನಮ್ಮ ಖೋಲಿಯ ಹುಡುಗನನ್ನು ಪಿಂಪ್ರಿ ಕ್ಯಾಂಪಿನ ರಿಪೇರಿ ಅಂಗಡಿಗೆ ಕರೆದುಕೊಂಡು ಹೋಗಿ ಬ್ಯಾಟರಿ ಮಾತ್ರ ಬದಲಿಸಿದೆವು. ಅದೇ ಫೋನು ಈಗಲೂ ನಡೆಯುತ್ತಿದೆ. ಹಾಕುವ ಬ್ಯಾಟರಿ ಯಾವ ತಯಾರಿಕೆಯದು ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ತೆಗೆದ ಬ್ಯಾಟರಿಯನ್ನು, ಅದರಲ್ಲೂ ಉಬ್ಬಿದ್ದನ್ನು, ಪಾಲಿಕೆಯ ಕಸದ ಗಾಡಿಗೆ ಹಾಕಬೇಡಿ. ಒತ್ತಿಹೋದರೆ ಬೆಂಕಿ ಹತ್ತುತ್ತದೆ. ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಅಂಗಡಿಯವರು ಇಟ್ಟುಕೊಳ್ಳದಿದ್ದರೆ ಆ ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದು ಕೊಡಿ.