ಒತ್ತುಗುಂಡಿಗಳ ನಾಮಕರಣ: ಒಂದು ವ್ಯಾಕರಣ ವಿಚಾರ

ವಸ್ತುವಿಗೆ ಹೆಸರಿಡುವುದು ಸುಲಭ. ಕೇಳಿದವರೆಲ್ಲರಿಗೂ ಒಂದೇ ವಸ್ತು ತೋರುವಂತೆ ಇಡುವುದು ಕಷ್ಟ. ನಾಮಪದದ ಭೇದಗಳನ್ನು ಬಾಯಿಪಾಠ ಮಾಡುವಾಗ ‘ಇದರಿಂದೇನು ಪ್ರಯೋಜನ?’ ಎಂದು ಕೇಳುವ ವಿದ್ಯಾರ್ಥಿಗಳುಂಟು. ಬೆಂಗಳೂರಿನಲ್ಲಿ ವಿಡಿಯೊ ಆಟಗಳ ತಂತ್ರಾಂಶ ರಚಿಸುತ್ತಿರುವ ನನ್ನ ಹಳೆಯ ಶಿಷ್ಯನೊಬ್ಬನು ರಜೆಯಲ್ಲಿ ಬಂದು ಹೇಳಿದ ತೊಡಕೊಂದು ಆ ಪ್ರಶ್ನೆಗೆ ತಕ್ಕ ಉತ್ತರವಾಗಿದೆ.

ಆಟಗಾರನು ಎರಡು ಕೈಗಳಲ್ಲಿ ಹಿಡಿಯುವ ಉಪಕರಣವೇ ಕಂಟ್ರೋಲರ್. ಅದರಲ್ಲಿ ಬಲಗೈ ಹೆಬ್ಬೆರಳಿಗೆ ಎಟಕುವಂತೆ ಕೆಳಗೆ, ಬಲಕ್ಕೆ, ಎಡಕ್ಕೆ, ಮೇಲೆ ನಾಲ್ಕು ಒತ್ತುಗುಂಡಿಗಳಿರುತ್ತವೆ. ಜಪಾನಿನ ನಿಂಟೆಂಡೊ ಸಂಸ್ಥೆ 1990ರಲ್ಲಿ ತಂದ ಸೂಪರ್ ಫ್ಯಾಮಿಕಾಮ್ ಯಂತ್ರದಲ್ಲಿ ಬಲಗಡೆಯದು ‘ಎ’, ಕೆಳಗಿನದು ‘ಬಿ’, ಮೇಲಿನದು ‘ಎಕ್ಸ್’, ಎಡಗಡೆಯದು ‘ವೈ’. ಅಮೆರಿಕದ ಮೈಕ್ರೋಸಾಫ್ಟ್ 2001ರಲ್ಲಿ ತಂದ ಎಕ್ಸ್‌ಬಾಕ್ಸ್‌ನಲ್ಲಿ ಅಕ್ಷರಗಳು ಅವೇ, ಸ್ಥಾನಗಳು ಬೇರೆ: ಕೆಳಗೆ ‘ಎ’, ಬಲಕ್ಕೆ ‘ಬಿ’, ಎಡಕ್ಕೆ ‘ಎಕ್ಸ್’, ಮೇಲೆ ‘ವೈ’. 1994ರ ಸೋನಿ ಪ್ಲೇಸ್ಟೇಷನ್ ಅಕ್ಷರಗಳನ್ನೇ ತೊರೆದು ತ್ರಿಕೋನ, ವೃತ್ತ, ಗುಣಾಕಾರದ ಗುರುತು, ಚೌಕಗಳನ್ನು ಬಳಸಿತು. ಜಪಾನಿನಲ್ಲಿ ವೃತ್ತವು ‘ಸರಿ’ ಎಂಬುದಕ್ಕೂ ಗುಣಾಕಾರದ ಗುರುತು ‘ತಪ್ಪು’ ಎಂಬುದಕ್ಕೂ ಸಂಕೇತ. ಆದುದರಿಂದ ಅಲ್ಲಿ ವೃತ್ತವೇ ಸಮ್ಮತಿಯ ಗುಂಡಿಯಾಯಿತು. ಪಶ್ಚಿಮ ದೇಶಗಳಲ್ಲಿ ಗುಣಾಕಾರದ ಗುರುತೇ ಸಮ್ಮತಿಯಾಗಿ ರೂಢಿಗೆ ಬಂದಿತು. 2020ರ ಪ್ಲೇಸ್ಟೇಷನ್ 5ರಲ್ಲಿ ಜಪಾನಿಗೂ ಈ ಎರಡನೆಯ ರೂಢಿಯನ್ನೇ ಅನ್ವಯಿಸಲಾಯಿತು.

ನನ್ನ ಶಿಷ್ಯನು ಎಕ್ಸ್‌ಬಾಕ್ಸ್ ಪದ್ಧತಿಯನ್ನು ನಂಬಿ, ಕೆಳಗಿನ ಗುಂಡಿಗೆ ‘ಎ’ ಎಂದೇ ಹೆಸರಿಟ್ಟು ತಂತ್ರಾಂಶ ಬರೆದಿದ್ದನು. ಆಟದ ಕೊನೆಯಲ್ಲಿ ‘ಉಳಿಸಿಡಬೇಕೆ? ಎ: ಹೌದು, ಬಿ: ಬೇಡ’ ಎಂದು ಪರದೆಯ ಮೇಲೆ ಮೂಡುತ್ತಿದ್ದಿತು. ನಿಂಟೆಂಡೊ ಮಾದರಿಯ ಕಂಟ್ರೋಲರ್ ಹಿಡಿದ ಬಾಲಕನೊಬ್ಬನು ತನ್ನ ಕೈಯಲ್ಲಿದ್ದ ‘ಎ’ಯನ್ನೇ ಒತ್ತಿದನು. ಅದು ಬಲಗಡೆಯದಾದ್ದರಿಂದ ತಂತ್ರಾಂಶವು ‘ಬಿ’ ಎಂದು ಗ್ರಹಿಸಿತು. ಬಾಲಕನ ಅಂದಿನ ಆಟವೆಲ್ಲ ಅಳಿಸಿಹೋಯಿತು. “ಗುರುಗಳೇ, ಅವನು ಓದಿದಂತೆಯೇ ಮಾಡಿದ್ದನು, ತಪ್ಪು ನಾನಿಟ್ಟ ಹೆಸರಿನದು” ಎಂದನು ಶಿಷ್ಯ.

ಇದನ್ನು ವ್ಯಾಕರಣದಿಂದ ವಿವೇಚಿಸೋಣ. ‘ಎ’, ‘ಬಿ’ ಎಂಬುವು ಅಂಕಿತನಾಮಗಳು. ಒಂದೇ ತರಗತಿಯಲ್ಲಿ ಇಬ್ಬರು ಶಿವಣ್ಣರಿದ್ದರೆ, ಒಬ್ಬನನ್ನು ಕರೆದಾಗ ಇನ್ನೊಬ್ಬನು ಎದ್ದು ನಿಲ್ಲಬಹುದು. ಇಲ್ಲಿ ಆದುದೂ ಅದೇ. ಅಂತರಜಾಲ ಪುಟಗಳ ಮಾನದಂಡ ರೂಪಿಸುವ ಡಬ್ಲ್ಯು-ಥ್ರೀ-ಸಿ ಒಕ್ಕೂಟವು ಸಂಖ್ಯೆಗಳನ್ನು ಆಶ್ರಯಿಸಿ, ಕೆಳಗಿನದಕ್ಕೆ 0, ಬಲಕ್ಕೆ 1, ಎಡಕ್ಕೆ 2, ಮೇಲಿನದಕ್ಕೆ 3 ಎಂದು ಗೊತ್ತುಮಾಡಿದೆ. ಇದರಲ್ಲಿ ಸಂದೇಹವಿಲ್ಲ, ಆದರೆ ಸಂಖ್ಯೆಯು ಸ್ಥಾನವನ್ನು ತಾನಾಗಿ ಸೂಚಿಸದು. ಯೂನಿಟಿಯ ಹೊಸ ಇನ್‌ಪುಟ್ ವ್ಯವಸ್ಥೆಯೂ ಲಿನಕ್ಸ್ ತಿರುಳೂ ದಿಗ್ವಾಚಕಗಳನ್ನು ಬಳಸುತ್ತವೆ. ಭೂಪಟದಲ್ಲಿರುವಂತೆ ಕೆಳಗಿನದು ಸೌತ್, ಬಲದ್ದು ಈಸ್ಟ್, ಎಡದ್ದು ವೆಸ್ಟ್, ಮೇಲಿನದು ನಾರ್ತ್; ನಮ್ಮ ಮಾತಿನಲ್ಲಿ ತೆಂಕಣ, ಮೂಡಣ, ಪಡುವಣ, ಬಡಗಣ. ಎಸ್‌ಡಿಎಲ್ ಎಂಬ ಪ್ರಸಿದ್ಧ ತಂತ್ರಾಂಶ ಭಂಡಾರವು ತನ್ನ 2ನೆಯ ಆವೃತ್ತಿಯಲ್ಲಿದ್ದ ಅಕ್ಷರನಾಮಗಳನ್ನು ಬಿಟ್ಟು, 2025ರಲ್ಲಿ ಸ್ಥಿರರೂಪಕ್ಕೆ ಬಂದ 3ನೆಯದರಲ್ಲಿ ಇದೇ ದಿಗ್ವಾಚಕಗಳನ್ನು ಸ್ವೀಕರಿಸಿದೆ. ಗುಂಡಿಯ ಮೇಲಿನ ಗುರುತನ್ನು ಕೇಳಿ ತಿಳಿಯಲು ಬೇರೊಂದು ಮಾರ್ಗವನ್ನೂ ಇರಿಸಿದೆ.

ಹಾಗೆಂದು ದಿಗ್ವಾಚಕವೊಂದೇ ಸಾಲದು. ‘ತೆಂಕಣದ ಗುಂಡಿ ಒತ್ತಿ’ ಎಂದರೆ ಆಟಗಾರನು ದಿಕ್ಕು ತೋರದೆ ನಿಂತಾನು. ಆದುದರಿಂದ ನಿರ್ಣಯವಿದು: ಯಂತ್ರದಿಂದ ಒತ್ತನ್ನು ಗ್ರಹಿಸುವಲ್ಲಿ ದಿಗ್ವಾಚಕವಿರಲಿ. ಆಟದ ನಿಯಮ ಬರೆಯುವಲ್ಲಿ ‘ಜಿಗಿತ’, ‘ಸಮ್ಮತಿ’, ‘ನಿರಾಕರಣೆ’ ಎಂಬ, ಕಾರ್ಯವನ್ನು ತಿಳಿಸುವ ಅನ್ವರ್ಥನಾಮವಿರಲಿ. ಪರದೆಯ ಮೇಲೆ ಮಾತ್ರ, ಆಟಗಾರನ ಕೈಯಲ್ಲಿರುವ ಉಪಕರಣದ ಅಂಕಿತವೇ ಮೂಡಲಿ. ಶಿಷ್ಯನು ಹಾಗೆಯೇ ತಿದ್ದಿಕೊಂಡನು.

ವಿದ್ಯಾರ್ಥಿಗಳೇ, ನಾಮಭೇದಗಳನ್ನು ಪರೀಕ್ಷೆಗೆಂದು ಮಾತ್ರ ಕಲಿಯಬೇಡಿರಿ. ಹೆಸರಿಟ್ಟವನು ಎದುರಿಗಿಲ್ಲದಾಗ, ಅವನ ಪರವಾಗಿ ಮಾತನಾಡುವುದು ಆ ಹೆಸರೊಂದೇ.