ಚದುರಂಗದ ಕಾಯಿಗಳು ಮತ್ತು ಬಾಲಶಿಕ್ಷಣ

ಆನೆ, ಕುದುರೆ, ತೇರು, ಕಾಲಾಳು ಎಂಬೀ ನಾಲ್ಕು ಸೇನೆಯ ಅಂಗಗಳೆಂಬುದು ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆಲ್ಲ ವಿದಿತವಾದ ಸಂಗತಿ. ನಾಲ್ಕು ಅಂಗಗಳುಳ್ಳದ್ದು ಚತುರಂಗ. ಅದರ ತದ್ಭವವೇ ನಮ್ಮ ಚದುರಂಗ. ಇದನ್ನು 'ಚದುರರ ರಂಗ'ವೆಂದು ಬಿಡಿಸಿ ಹೇಳುವ ರಸಿಕರೂ ಉಂಟು. ಕೇಳಲು ಸೊಗಸಾದರೂ ಶಬ್ದಶಾಸ್ತ್ರಕ್ಕೆ ಅದು ಸಮ್ಮತವಲ್ಲ. ಏಳನೆಯ ಶತಮಾನದ ಬಾಣಭಟ್ಟನು ತನ್ನ ಹರ್ಷಚರಿತದಲ್ಲಿ ಎಂಟೆಂಟು ಮನೆಗಳ ಹಾಸನ್ನೂ ಚತುರಂಗವನ್ನೂ ಒಟ್ಟಿಗೆ ಸೇರಿಸಿ ಶ್ಲೇಷೆ ಮಾಡಿರುವುದರಿಂದ, ಅಷ್ಟುಹೊತ್ತಿಗೆ ಈ ಆಟವು ವಿದ್ವತ್ಸಭೆಯಲ್ಲಿ ಪರಿಚಿತವಾಗಿತ್ತೆಂದು ಊಹಿಸಲು ಅಡ್ಡಿಯಿಲ್ಲ.

ಇಲ್ಲಿಂದ ಹೊರಟ ಕಾಯಿಗಳು ದೇಶದೇಶಗಳಲ್ಲಿ ತಾಳಿದ ವೇಷಗಳು ವಿಸ್ಮಯಕರವಾದುವು. ಪಾರಸಿಗರ ಬಾಯಲ್ಲಿ ಚತುರಂಗವು 'ಚತ್ರಂಗ್' ಆಯಿತು. ಅರಬರಲ್ಲಿ 'ಶತ್ರಂಜ್' ಆಯಿತು. ರಥವು 'ರುಖ್' ಎನಿಸಿಕೊಂಡು ಆಂಗ್ಲರಲ್ಲಿ 'ರೂಕ್' ಆಗಿ, ಕೋಟೆಯ ಬುರುಜಿನ ಆಕಾರವನ್ನು ಪಡೆಯಿತು. ನಮ್ಮ ಆನೆಯ ಪಾಡು ಇನ್ನೂ ವಿಚಿತ್ರ. ಅದು ಅರಬ್ಬಿಯಲ್ಲಿ 'ಅಲ್ ಫೀಲ್', ಸ್ಪೇನಿನಲ್ಲಿ 'ಅಲ್ಫಿಲ್'. ಆನೆಯನ್ನೇ ಕಾಣದ ಆಂಗ್ಲರು ಆ ಕಾಯಿಯನ್ನು ಕ್ರೈಸ್ತ ಧರ್ಮಾಧಿಕಾರಿಯನ್ನಾಗಿ ಮಾಡಿದರು, ಫ್ರೆಂಚರು ವಿದೂಷಕನನ್ನಾಗಿಸಿದರು, ರಷ್ಯನ್ನರು ಮಾತ್ರ ಇಂದಿಗೂ ಅದನ್ನು ಆನೆಯೆಂದೇ ಕರೆಯುತ್ತಾರೆ. ರಾಜನ ಪಕ್ಕದ ಮಂತ್ರಿಯು ಯೂರೋಪಿನಲ್ಲಿ ರಾಣಿಯಾದಳು. ಹಿಂದೆ ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದ ಆ ಕಾಯಿಗೆ ಹದಿನೈದನೆಯ ಶತಮಾನದ ಕೊನೆಯಲ್ಲಿ ಸ್ಪೇನ್, ಇಟಲಿಗಳ ಕಡೆ ಈಗಿನ ಪ್ರಚಂಡ ಬಲ ಬಂದಿತು. ಹೆಸರು ಮಂತ್ರಿಯೆಂದಿದ್ದರೂ ನಾವು ಆಡುವ ನಡೆ ಆ ರಾಣಿಯದೇ.

ಕನ್ನಡದಲ್ಲಿ ಮೂಲೆಯ ಮನೆ ಆನೆಗೆ ಸಂದಿತು, ಆನೆಯಿದ್ದೆಡೆಗೆ ಒಂಟೆ ಬಂದು ನಿಂತಿತು, ತೇರು ಮರೆಯಾಯಿತು. "ಒಂಟೆ ಏಕೆ ಓರೆಯಾಗಿ ನಡೆಯುತ್ತದೆ, ಗುರುಗಳೇ?" ಎಂದು ಹುಡುಗನೊಬ್ಬನು ಕೇಳಿದಾಗ, ನಾನು ಅವನಿಗೆ ಅಲ್ ಬೆರೂನಿಯ ಮಾತನ್ನು ಹೇಳಿದೆ. ಸುಮಾರು 1030ರಲ್ಲಿ ಭಾರತವನ್ನು ಕುರಿತು ಬರೆದ ಆ ಪಂಡಿತನು ಕಂಡ ಆಟದಲ್ಲಿ ಆನೆಗೆ ಐದು ನಡೆಗಳು: ನಾಲ್ಕು ಮೂಲೆಗಳಿಗೆ ಒಂದೊಂದು ಮನೆ, ಮುಂದಕ್ಕೆ ಒಂದು ಮನೆ. ಮೂಲೆಯ ನಾಲ್ಕು ಕಾಲುಗಳಂತೆ, ಮುಂದಿನದು ಸೊಂಡಿಲು! ಈ ವಿವರಣೆಯನ್ನು ಕೇಳಿದ ಮಗು ಆ ನಡೆಯನ್ನು ಜನ್ಮದಲ್ಲಿ ಮರೆಯದು.

ಕನ್ನಡ ನಾಡಿಗೂ ಈ ಆಟಕ್ಕೂ ಹಳೆಯ ನಂಟು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ನಡುವೆ ಚತುರಂಗಕ್ಕೂ ಸ್ಥಾನ ಕೊಟ್ಟಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಕುದುರೆಯು ಯಾವ ಮನೆಯನ್ನೂ ಎರಡು ಸಲ ತುಳಿಯದೆ ಹಾಸನ್ನೆಲ್ಲ ಸುತ್ತುವ ಸಂಚಾರಗಳನ್ನು ಅಂಕಗಳಲ್ಲಿ ರಚಿಸಿದರು. ಅದಕ್ಕೂ ಬಹು ಹಿಂದೆ, ಒಂಬತ್ತನೆಯ ಶತಮಾನದ ಆಲಂಕಾರಿಕ ರುದ್ರಟನು ತುರಗಪದಬಂಧವೆಂಬ ಚಿತ್ರಕವಿತ್ವವನ್ನು ಕಾವ್ಯಾಲಂಕಾರದಲ್ಲಿ ತೋರಿಸಿದ್ದಾನೆ. ಅರ್ಧ ಹಾಸಿನ 32 ಮನೆಗಳಲ್ಲಿ ಅಕ್ಷರಗಳನ್ನಿಟ್ಟು, ಸಾಲಾಗಿ ಓದಿದರೂ ಕುದುರೆಯ ನಡೆಯಲ್ಲಿ ಓದಿದರೂ ಅದೇ ಶ್ಲೋಕ ಬರುವ ಬಂಧವದು. ವಿದ್ಯಾರ್ಥಿದೆಸೆಯಲ್ಲಿ ಚಿತ್ರಕಾವ್ಯವನ್ನು ಒಣ ಕಸರತ್ತೆಂದು ಹಗುರವಾಗಿ ಕಂಡವನು ನಾನು. ಚದುರಂಗದ ಹಾಸಿನ ಮುಂದೆ ಕುಳಿತ ಮೇಲೆಯೇ ಅದರ ಬೆಲೆ ತಿಳಿದದ್ದು.

ಇನ್ನು ಕಲಿಸುವ ವಿಚಾರ. ಮೊದಲ ವರ್ಷ ನಾನು ಒಂದೇ ದಿನ ಆರು ಬಗೆಯ ಕಾಯಿಗಳ ನಡೆಗಳನ್ನೂ ವ್ಯಾಕರಣಸೂತ್ರಗಳಂತೆ ಒಪ್ಪಿಸಿದೆ. ಮರುದಿನ ಅರ್ಧ ಮಕ್ಕಳು ಬರಲಿಲ್ಲ. ಈಗ ಮೊದಲ ವಾರ ಕಾಲಾಳುಗಳು ಮಾತ್ರ, ಆ ಕಡೆ ಎಂಟು, ಈ ಕಡೆ ಎಂಟು. ಎದುರಿನ ಕೊನೆಯ ಸಾಲನ್ನು ಮೊದಲು ಮುಟ್ಟಿದವನಿಗೆ ಗೆಲುವು. ನೇರ ನಡೆದು ಓರೆಯಾಗಿ ಹೊಡೆಯುವ ಕಾಲಾಳುವಿನ ಮರ್ಮ ಇದರಿಂದ ಕೈವಶವಾಗುತ್ತದೆ. ಬಳಿಕ ರಾಜ, ಆಮೇಲೆ ಆನೆ, ಒಂಟೆ. ಇವೆರಡರ ಬಲ ಕೂಡಿದ ಮಂತ್ರಿ. ಎಲ್ಲಕ್ಕೂ ಕೊನೆಗೆ ಕುದುರೆ. ಕುದುರೆ ಬಂದ ದಿನ ಪಾಟಿಯ ಮೇಲೆ ರುದ್ರಟನ 32 ಮನೆಗಳನ್ನು ಬರೆದು, ಸುತ್ತಿಬರುವ ದಾರಿಯನ್ನು ಹುಡುಕಲು ಬಿಡುತ್ತೇನೆ. ಊಟದ ಗಂಟೆ ಬಾರಿಸಿದರೂ ಏಳದ ಮಕ್ಕಳನ್ನು ಕಂಡಿದ್ದೇನೆ.

ಆದರೆ ನಡೆಗಳನ್ನು ಕಲಿಸುವುದು ಸುಲಭ, ಸೋಲನ್ನು ಕಲಿಸುವುದು ಕಷ್ಟ. ವಿದ್ಯಾರ್ಥಿನಿಲಯದ ಬಾಲಕನೊಬ್ಬನು ಸತತವಾಗಿ ಐದು ಆಟ ಸೋತು, ಆರನೆಯದರಲ್ಲಿ ಮುಟ್ಟಿದ ಕಾಯಿಯನ್ನು ಹಿಂದಿಟ್ಟನು. ಮುಟ್ಟಿದ್ದನ್ನೇ ನಡೆಸಬೇಕೆಂದು ನಾನು ಹಟ ಹಿಡಿದಾಗ ಹಾಸನ್ನು ಬೋರಲು ಹಾಕಿದನು. "ಸೋಲಲಾರದವನಿಗೆ ಆಟವೇಕೆ?" ಎಂದು ಎಲ್ಲರೆದುರು ಗದರಿಸಿಬಿಟ್ಟೆ. ನಿಯಮ ನನ್ನ ಪಕ್ಷದಲ್ಲಿತ್ತು, ನ್ಯಾಯವಿತ್ತೆಂದು ಹೇಳಲಾರೆ. ಅವನು ಮತ್ತೆ ಹಾಸಿನ ಬಳಿ ಸುಳಿಯಲಿಲ್ಲ. ಎರಡು ಸಲ ಕರೆದೆ, "ಆಮೇಲೆ ಬರುತ್ತೇನೆ, ಗುರುಗಳೇ" ಎಂದನು. ಅಂದಿನಿಂದ ಒಂದು ಪದ್ಧತಿಯನ್ನಿಟ್ಟುಕೊಂಡಿದ್ದೇನೆ. ಆಟ ಮುಗಿದೊಡನೆ ಗೆದ್ದವನೂ ಸೋತವನೂ ಕೂಡಿ ಕಾಯಿಗಳನ್ನು ಹಿಂದಕ್ಕೆ ಜೋಡಿಸಿ, ಎಲ್ಲಿ ತಪ್ಪಿತೆಂದು ಹುಡುಕಬೇಕು. ತಪ್ಪನ್ನು ಮೊದಲು ತೋರಿಸುವ ಹಕ್ಕು ಸೋತವನದು.

ದಾನಿಗಳು ಕೇಳುವುದುಂಟು: ಇದರಿಂದ ಗಣಿತದಲ್ಲಿ ಅಂಕಗಳು ಹೆಚ್ಚುವುವೇ? ಇಂಗ್ಲೆಂಡಿನ 100 ಶಾಲೆಗಳಲ್ಲಿ ಇದನ್ನೇ ಪರೀಕ್ಷಿಸಿ 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪಾಠ ಮುಗಿದ ಒಂದು ವರ್ಷದ ಬಳಿಕ ನೋಡಿದಾಗ, ಚದುರಂಗ ಕಲಿತವರಿಗೂ ಕಲಿಯದವರಿಗೂ ಗಣಿತದಲ್ಲಿ ಅಂತರ ಕಾಣಲಿಲ್ಲ. ಆದುದರಿಂದ ಅಂಕಗಳ ಆಸೆ ತೋರಿಸಿ ಹಾಸುಗಳನ್ನು ಬೇಡುವುದು ನನಗೆ ಸರಿಕಾಣದು. ಸಂಗೀತಕ್ಕೆ ತಂಬೂರಿ ಕೊಡುವವರು ಅಂಕಗಳ ಲೆಕ್ಕ ಕೇಳುವರೆ? ಮಗು ಒಂದು ಗಳಿಗೆ ಕೈಯನ್ನು ತಡೆದು, ಎದುರಿನವನು ಏನು ಮಾಡಿಯಾನೆಂದು ಯೋಚಿಸುವುದನ್ನು ನಾನು ದಿನವೂ ಕಾಣುತ್ತೇನೆ, ನನಗಷ್ಟು ಸಾಕು.

ಕೊಡುವ ಮನಸ್ಸುಳ್ಳವರಲ್ಲಿ ಒಂದು ವಿನಂತಿ. ದಂತದಂತೆ ಹೊಳೆಯುವ ಬೆಲೆಯುಳ್ಳ ಕಾಯಿಗಳು ಬೇಡ, ಅವು ಕಪಾಟಿನಲ್ಲೇ ಉಳಿಯುತ್ತವೆ. ಚಿಕ್ಕ ಕೈಗಳ ಹಿಡಿತಕ್ಕೆ ಒಗ್ಗುವ, ಬುಡ ಭಾರವಾದ ಮರದ ಕಾಯಿಗಳಿರಲಿ. ಪ್ರತಿ ಪೆಟ್ಟಿಗೆಯೊಡನೆ ಎರಡು ಕುದುರೆಗಳು ಹೆಚ್ಚಿಗೆ ಇರಲಿ. ಮೊದಲು ಕಳೆದುಹೋಗುವುವು ಅವೇ.