ಎದೆಹಾಲು ಬಿಡಿಸಬೇಡಿ

ಪ್ರಶ್ನೆ: ಮಗುವಿಗೆ ಮೂರು ತಿಂಗಳು. ಎರಡು ವಾರ ದಾಟಿದರೂ ಭೇದಿ ನಿಂತಿಲ್ಲ, ದಿನಕ್ಕೆ ಎಂಟು–ಹತ್ತು ಸಲ ನೀರಾಗಿ ಹೋಗುತ್ತದೆ. ಹಾಲು ಸಾಲದೆಂದು ಬಾಟಲಿಯಲ್ಲಿ ಹಸುವಿನ ಹಾಲೂ ಕೊಡುತ್ತಿದ್ದೇವೆ. ನಿನ್ನ ಹಾಲು ಮಗುವಿಗೆ ಒಗ್ಗುತ್ತಿಲ್ಲ, ಬಿಡಿಸು ಎನ್ನುತ್ತಾರೆ ಅತ್ತೆ. ಏನು ಮಾಡಲಿ?

ಉತ್ತರ: ಬಿಡಿಸಬೇಡಿ. ಈಗ ಮಗುವನ್ನು ಕಾಯುತ್ತಿರುವುದೇ ನಿಮ್ಮ ಹಾಲು. ಆದರೆ ಇಂದೇ ಮಕ್ಕಳ ವೈದ್ಯರಿಗೆ ತೋರಿಸಿ. 14 ದಿನ ಮೀರಿದ ಭೇದಿ, ಅದೂ ಇಷ್ಟು ಎಳೆಯ ಮಗುವಿಗೆ, ಮನೆಮದ್ದಿನಲ್ಲಿ ಕಾಯುವ ವಿಷಯವಲ್ಲ.

ಬರೀ ಎದೆಹಾಲು ಕುಡಿಯುವ ಕೂಸು ಪ್ರತಿ ಸಲ ಕುಡಿದಾಗಲೂ ಹಳದಿಯಾಗಿ, ತೆಳ್ಳಗೆ ಹೋಗಬಹುದು. ತೂಕ ಏರುತ್ತಿದ್ದರೆ ಅದು ಭೇದಿಯಲ್ಲ. ನಿಮ್ಮ ಮನೆಯಲ್ಲಿ ನನಗೆ ಅನುಮಾನ ಬಾಟಲಿಯ ಮೇಲೆ. ನಿಪ್ಪಲ್ಲಿನ ಸಂದಿಯಲ್ಲಿ ಉಳಿದ ಹಾಲಿನ ಜಿಡ್ಡು ರೋಗಾಣುಗಳಿಗೆ ಹಬ್ಬ. ಸೋಂಕಿನಿಂದ ಕರುಳಿನ ಒಳಪದರ ಸವೆದರೆ ಹಾಲಿನ ಸಕ್ಕರೆ ಕೆಲಕಾಲ ಜೀರ್ಣವಾಗದೆ ಮಲ ನೊರೆನೊರೆಯಾಗಿ ಹೋಗುತ್ತದೆ, ಕುಂಡಿ ಕೆಂಪಾಗುತ್ತದೆ. ಹಸುವಿನ ಹಾಲಿನ ಪ್ರೋಟೀನೇ ಒಗ್ಗದಿದ್ದರೆ ಲೋಳೆ, ರಕ್ತದ ಎಳೆ ಕಾಣಬಹುದು. ಯಾವುದೆಂದು ವೈದ್ಯರು ನೋಡಿ ಹೇಳಬೇಕು.

ಹೆಚ್ಚು ಸಲ ಎದೆಗೆ ಹಾಕಿಕೊಳ್ಳಿ, ಚೀಪಿದಷ್ಟೂ ಹಾಲು ಹೆಚ್ಚುತ್ತದೆ. ಮೇಲುಹಾಲು ಬೇಕೇ, ಯಾವುದು, ಎಷ್ಟು ಎಂಬುದನ್ನು ವೈದ್ಯರು ತೂಕ ನೋಡಿ ತೀರ್ಮಾನಿಸಲಿ. ಕೊಡಲೇಬೇಕಾದರೆ ಕುದಿಸಿದ ಒಳಲೆಯಲ್ಲಿ ಕೊಡಿ. ನಮ್ಮ ಅಜ್ಜಿಯರ ಒಳಲೆಯಲ್ಲಿ ಕೊಳೆ ಅಡಗಲು ಸಂದಿಯೇ ಇಲ್ಲ. ಬಜೆ ತೇಯ್ದು ನೆಕ್ಕಿಸುವುದು, ಗ್ರೈಪ್ ವಾಟರ್, ಭೇದಿ ಕಟ್ಟಿಸುವ ಮಾತ್ರೆ ಯಾವುದೂ ಬೇಡ. ಆ್ಯಂಟಿಬಯಾಟಿಕ್ಕನ್ನು ನೀವಾಗಿಯೇ ತರಬೇಡಿ.

ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ, ಒಂದು ಲೀಟರಿಗೆಂದೇ ಇರುವ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿ ಹಾಕಿ. ಅರ್ಧರ್ಧ ಕಲಸಿದರೆ ಉಪ್ಪು ಹೆಚ್ಚುಕಡಿಮೆಯಾಗುತ್ತದೆ. ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ., ಚಮಚ ಚಮಚವಾಗಿ ಕುಡಿಸಿ. 24 ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ. ಈ ವಯಸ್ಸಿಗೆ ಸತು ದಿನಕ್ಕೆ 10 ಮಿ.ಗ್ರಾಂ., ಎಂದರೆ 20 ಮಿ.ಗ್ರಾಂ. ಮಾತ್ರೆಯ ಅರ್ಧ. ಹಿಂಡಿದ ಎದೆಹಾಲಿನಲ್ಲಿ ಕರಗಿಸಿ 14 ದಿನ ಕೊಡುತ್ತಾರೆ, ವೈದ್ಯರನ್ನು ಕೇಳಿ ಶುರುಮಾಡಿ.

ಹೊಟ್ಟೆಯ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಡಿ. ಮಡಿಕೆ ತಕ್ಷಣ ಮಾಯವಾಗದೆ ನಿಂತರೆ, ನೆತ್ತಿ ಅಥವಾ ಕಣ್ಣು ಗುಳಿಬಿದ್ದಿದ್ದರೆ, ಮೂತ್ರ ಕಡಿಮೆಯಾದರೆ, ಚೀಪದೆ ಮಂಕಾಗಿ ಮಲಗಿದರೆ, ಜ್ವರ ಬಂದರೆ, ರಕ್ತ ಕಂಡರೆ ರಾತ್ರಿಯಾದರೂ ಸರಿ, ನೇರ ಆಸ್ಪತ್ರೆಗೆ ಹೋಗಿ. ದಾರಿಯಲ್ಲೂ ಹಾಲೂಡಿಸುತ್ತಿರಿ.

ತಾಯಿ ಕಾರ್ಡ್ ಮರೆಯಬೇಡಿ. ಹಿಂದಿನ ತೂಕ ಅದರಲ್ಲಿದೆ. 6, 10, 14ನೇ ವಾರದ ರೋಟಾ ಹನಿ ಬಿದ್ದಿದೆಯೇ ಎಂದೂ ನೋಡಿಸಿ. ಅತ್ತೆಯವರನ್ನೂ ಜೊತೆಗೆ ಕರೆದೊಯ್ಯಿರಿ, ಅವರ ಆತಂಕವೂ ಮೊಮ್ಮಗುವಿನ ಮೇಲಿನ ಪ್ರೀತಿಯಿಂದಲೇ ಬಂದದ್ದು.